ಮಲೆನಾಡಿನ ಪ್ರಶಾಂತ ಅರಣ್ಯ ರಸ್ತೆಗಳಲ್ಲಿ ಸೈಕಲ್ ಸವಾರಿ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಹಾಗೂ ಕರಾವಳಿ ಜಿಲ್ಲೆಗಳ ಘಟ್ಟ ಪ್ರದೇಶದಲ್ಲಿ ವಾಹನ ಸಂಚಾರ ವಿರಳವಾಗಿರುವ, ಕಾಡು ಹಾಗೂ ಕಾಫಿ, ಅಡಿಕೆ ತೋಟಗಳ ನಡುವೆ ಸಾಗುವ ಅನೇಕ ರಸ್ತೆಗಳಿವೆ. ಇಂತಹ ರಸ್ತೆಗಳಲ್ಲಿ ಸೈಕಲ್ ಸವಾರಿ ಕೈಗೊಳ್ಳಲು ಇಚ್ಛಿಸುವವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳು ಎರಡು. ಒಂದು, ಯಾವ ರಸ್ತೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ. ಎರಡು, ಅನುಮತಿ ಬೇಕಾದಲ್ಲಿ ಯಾರಿಗೆ, ಹೇಗೆ ಅರ್ಜಿ ಸಲ್ಲಿಸಬೇಕು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ನೀಡುವುದು ಹಾಗೂ ಸವಾರರ ಸುರಕ್ಷತೆಗೆ ಸಂಬಂಧಿಸಿದ ಅಗತ್ಯ ಮಾಹಿತಿಯನ್ನು ಒದಗಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

ಸಾರ್ವಜನಿಕರು ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಕಾಡಿನ ನಡುವಿನ ರಸ್ತೆಯು ಪ್ರಶಾಂತವಾಗಿರುವುದು ಆಕಸ್ಮಿಕವಲ್ಲ. ಪ್ರತಿಯೊಂದು ಪ್ರಶಾಂತ ರಸ್ತೆಯ ಹಿಂದೆಯೂ ಒಂದು ಕಾರಣವಿರುತ್ತದೆ. ಆ ಕಾರಣವನ್ನು ತಿಳಿದುಕೊಂಡಲ್ಲಿ ಅನುಮತಿಯ ಅಗತ್ಯ, ಎದುರಾಗಬಹುದಾದ ಅಪಾಯ ಹಾಗೂ ಸವಾರಿಗೆ ಸೂಕ್ತವಾದ ಕಾಲ ಇವುಗಳನ್ನು ಬಹುಮಟ್ಟಿಗೆ ಸವಾರರೇ ನಿರ್ಧರಿಸಿಕೊಳ್ಳಬಹುದಾಗಿದೆ.

2. ರಸ್ತೆಗಳು ಪ್ರಶಾಂತವಾಗಿರಲು ಕಾರಣಗಳು

(ಅ) ಸಮೀಪದಲ್ಲಿಯೇ ಮತ್ತೊಂದು ಹೆದ್ದಾರಿ ಇರುವುದು: ಬೆಂಗಳೂರು–ಮಂಗಳೂರು ನಡುವಿನ ಸಂಚಾರದ ಬಹುಪಾಲು ಶಿರಾಡಿ ಘಟ್ಟದ ರಾಷ್ಟ್ರೀಯ ಹೆದ್ದಾರಿ 75ರ ಮೂಲಕ ಸಾಗುತ್ತದೆ. ಆದ್ದರಿಂದಲೇ ಅದರ ದಕ್ಷಿಣಕ್ಕಿರುವ ಬಿಸಿಲೆ ಘಟ್ಟದ ರಸ್ತೆಯಲ್ಲಿ ವಾಹನಗಳು ವಿರಳ. ಆದರೆ ಇಂತಹ ಪ್ರಶಾಂತತೆ ಶಾಶ್ವತವಲ್ಲ. 2015 ಮತ್ತು 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ಶಿರಾಡಿ ಘಟ್ಟದಲ್ಲಿ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿದಾಗ ಅಲ್ಲಿನ ವಾಹನಗಳು ಬದಲಿ ಘಟ್ಟ ರಸ್ತೆಗಳತ್ತ ತಿರುಗಿದ್ದವು. ಆದ್ದರಿಂದ ಹೊರಡುವ ಮುನ್ನ ಪಕ್ಕದ ಹೆದ್ದಾರಿಯ ಸ್ಥಿತಿಯನ್ನೂ ವಿಚಾರಿಸುವುದು ಸೂಕ್ತ.

(ಆ) ರಸ್ತೆಯು ಊರಿನಲ್ಲಿಯೇ ಕೊನೆಗೊಳ್ಳುವುದು: 2000ನೇ ಇಸವಿಯ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಹಾಗೂ ರಾಜ್ಯದ ಗ್ರಾಮೀಣ ರಸ್ತೆ ಯೋಜನೆಗಳ ಅಡಿಯಲ್ಲಿ ಮಲೆನಾಡಿನ ಅನೇಕ ಒಳಊರುಗಳಿಗೆ ಡಾಂಬರು ರಸ್ತೆಗಳಾಗಿವೆ. ಇವುಗಳಲ್ಲಿ ಹಲವು ಮುಂದೆ ಎಲ್ಲಿಗೂ ಹೋಗುವುದಿಲ್ಲ. ಊರಿನವರ ವಾಹನ, ಶಾಲಾ ವಾಹನ, ಹಾಲಿನ ವಾಹನ ಇವಿಷ್ಟೇ ಇಲ್ಲಿನ ಸಂಚಾರ.

(ಇ) ದೊಡ್ಡ ವಾಹನಗಳಿಗೆ ರಸ್ತೆ ಒಗ್ಗದಿರುವುದು: ಕಿರಿದಾದ ಹೇರ್‌ಪಿನ್ ತಿರುವುಗಳು, ದುರ್ಬಲ ಸೇತುವೆ ಅಥವಾ ಕುಸಿಯುವ ಧರೆಯ ಕಾರಣದಿಂದ ಭಾರಿ ವಾಹನಗಳನ್ನು ನಿರ್ಬಂಧಿಸಿರುವ ರಸ್ತೆಗಳು ಈ ಗುಂಪಿಗೆ ಸೇರುತ್ತವೆ. ಲಾರಿಗೆ ಅಪಾಯವೆಂದು ಗುರುತಿಸಿದ ಧರೆಯು ಸೈಕಲ್ ಸವಾರರಿಗೂ ಅಪಾಯಕಾರಿಯೇ ಎಂಬುದನ್ನು ಮರೆಯಬಾರದು.

(ಈ) ಕಾನೂನಿನ ನಿರ್ಬಂಧ ಇರುವುದು: ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರವನ್ನು ನಿಷೇಧಿಸಿರುವುದು ಇದಕ್ಕೆ ನಿದರ್ಶನ. ಇಲ್ಲಿ ಪ್ರಶಾಂತತೆಯನ್ನು ಕಾಯ್ದಿರಿಸಿರುವುದು ವನ್ಯಪ್ರಾಣಿಗಳಿಗಾಗಿಯೇ ಹೊರತು ಪ್ರವಾಸಿಗರಿಗಾಗಿ ಅಲ್ಲ.

ಮೊದಲ ಎರಡು ಬಗೆಯ ರಸ್ತೆಗಳು ಸೈಕಲ್ ಸವಾರಿಗೆ ಹೆಚ್ಚು ಅನುಕೂಲಕರ. ಮೂರನೆಯದು ಋತುಮಾನವನ್ನು ಅವಲಂಬಿಸಿರುತ್ತದೆ. ನಾಲ್ಕನೆಯದನ್ನು ಕೈಬಿಡುವುದೇ ಲೇಸು.

3. ಅನುಮತಿ ಯಾವಾಗ ಅಗತ್ಯ?

(ಅ) ಸಾರ್ವಜನಿಕ ರಸ್ತೆಗಳು: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಹಾಗೂ ಗ್ರಾಮ ರಸ್ತೆಗಳಲ್ಲಿ ವೈಯಕ್ತಿಕವಾಗಿ ಅಥವಾ ಸಣ್ಣ ಗುಂಪಿನಲ್ಲಿ ಸೈಕಲ್‌ನಲ್ಲಿ ಸಂಚರಿಸಲು ಯಾವುದೇ ಅನುಮತಿಯ ಅಗತ್ಯವಿರುವುದಿಲ್ಲ. ರಸ್ತೆಯು ಮೀಸಲು ಅರಣ್ಯದ ಮೂಲಕ ಹಾದುಹೋದರೂ ಸಾಮಾನ್ಯವಾಗಿ ಇದೇ ನಿಯಮ ಅನ್ವಯಿಸುತ್ತದೆ. ಆದರೆ ನಿಮಗೆ ಮುಕ್ತವಾಗಿರುವುದು ರಸ್ತೆ ಮಾತ್ರ. ರಸ್ತೆಯ ಅಂಚಿನಾಚೆಗಿನ ಕಾಡು ಅಲ್ಲ. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ, ಬೆಂಕಿ ಹಾಕುವುದು, ಮರಗಿಡಗಳಿಗೆ ಹಾನಿ ಮಾಡುವುದು ಇವು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿಯಲ್ಲಿ ಅಪರಾಧಗಳಾಗಿರುತ್ತವೆ.

(ಆ) ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗಿನ ಸಾರ್ವಜನಿಕ ಹೆದ್ದಾರಿಗಳು: ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 27 ವನ್ಯಜೀವಿಧಾಮಗಳ ಪ್ರವೇಶವನ್ನು ನಿರ್ಬಂಧಿಸುತ್ತದೆ. ಆದರೆ ಸಾರ್ವಜನಿಕ ಹೆದ್ದಾರಿಯ ಮೂಲಕ ಹಾದುಹೋಗುವ ವ್ಯಕ್ತಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಇದೇ ಉಪಬಂಧಗಳು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ. "ಹಾದುಹೋಗುವ" ಎಂಬ ಪದವನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಹುಲ್ಲುಗಾವಲಿಗೆ ಇಳಿಯುವುದು, ಹೊಳೆಯ ಬಳಿ ಊಟಕ್ಕೆ ಕೂರುವುದು, ಗುಡ್ಡ ಹತ್ತುವುದು ಇವು ಹಾದುಹೋಗುವುದರ ವ್ಯಾಪ್ತಿಗೆ ಬರುವುದಿಲ್ಲ. ತನಿಖಾ ಠಾಣೆಯಲ್ಲಿ ಸಿಬ್ಬಂದಿ ನೀಡುವ ಸೂಚನೆಯೇ ಅಂತಿಮ.

(ಇ) ಅರಣ್ಯ ಇಲಾಖೆಯ ಒಳರಸ್ತೆಗಳು: ಗಸ್ತು ರಸ್ತೆ, ಬೆಂಕಿರೇಖೆ, ಹಳೆಯ ಕೂಪು ರಸ್ತೆಗಳು ಭೂಪಟದಲ್ಲಿ ಅಥವಾ ಮೊಬೈಲ್ ನಕ್ಷೆಯಲ್ಲಿ ಕಾಣಿಸಬಹುದು. ನಕ್ಷೆಯಲ್ಲಿ ಕಂಡ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆಯಾಗುವುದಿಲ್ಲ. ಇವುಗಳಲ್ಲಿ ಪೂರ್ವಾನುಮತಿ ಇಲ್ಲದೆ ಪ್ರವೇಶಿಸುವಂತಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಕಲಂ 28ರ ಅಡಿಯಲ್ಲಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಮುಂತಾದ ಉದ್ದೇಶಗಳಿಗೆ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರವಿರುತ್ತದೆ.

(ಈ) ಹುಲಿ ಸಂರಕ್ಷಿತ ಪ್ರದೇಶಗಳು: ಬಂಡೀಪುರ, ನಾಗರಹೊಳೆ, ಬಿ.ಆರ್.ಟಿ., ಭದ್ರಾ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳ ಕಾಡಿನೊಳಗಿನ ರಸ್ತೆಗಳು ವಿಹಾರದ ಸೈಕಲ್ ಸವಾರಿಗೆ ಸೂಕ್ತವಲ್ಲ. ಹೆದ್ದಾರಿಯ ಮೂಲಕ ಹೋಗಲೇಬೇಕಾದ ಸಂದರ್ಭದಲ್ಲಿ ಸೈಕಲ್ಲನ್ನು ವಾಹನದಲ್ಲಿರಿಸಿಕೊಂಡು ಆ ಭಾಗವನ್ನು ದಾಟತಕ್ಕದ್ದು.

(ಉ) ಖಾಸಗಿ ತೋಟದ ರಸ್ತೆಗಳು: ಗೇಟು ಇಲ್ಲದಿದ್ದರೂ ಎಸ್ಟೇಟ್ ರಸ್ತೆಯು ಖಾಸಗಿ ಆಸ್ತಿಯಾಗಿರಬಹುದು. ಮಾಲೀಕರನ್ನು ಅಥವಾ ರೈಟರನ್ನು ಕೇಳಿ ಮುಂದುವರಿಯುವುದು ಸೌಜನ್ಯವೂ ಹೌದು, ಸುರಕ್ಷಿತವೂ ಹೌದು.

(ಊ) ಸಂಘಟಿತ ಕಾರ್ಯಕ್ರಮಗಳು: ಸ್ಪರ್ಧೆ, ಜಾಥಾ ಅಥವಾ ಹೆಚ್ಚಿನ ಸಂಖ್ಯೆಯ ಸವಾರರು ಪಾಲ್ಗೊಳ್ಳುವ ಕಾರ್ಯಕ್ರಮಗಳಿಗೆ ರಸ್ತೆ ಯಾವುದೇ ಆಗಿದ್ದರೂ ಪೊಲೀಸ್ ಇಲಾಖೆಯ ಅನುಮತಿ ಪಡೆಯಬೇಕು. ಮಾರ್ಗವು ಅರಣ್ಯ ಪ್ರದೇಶದಲ್ಲಿದ್ದಲ್ಲಿ ಸಂಬಂಧಪಟ್ಟ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಅನುಮತಿಯನ್ನೂ ಪಡೆಯತಕ್ಕದ್ದು.

4. ಕೆಲವು ಮಾರ್ಗಗಳ ವಿವರ

ಮೇಲ್ಕಂಡ ವರ್ಗೀಕರಣವನ್ನು ಅರ್ಥಮಾಡಿಕೊಳ್ಳಲು ಅನುಕೂಲವಾಗುವಂತೆ ನಾಲ್ಕು ಮಾರ್ಗಗಳನ್ನು ನಿದರ್ಶನವಾಗಿ ನೀಡಲಾಗಿದೆ.

4.1 ಸಕಲೇಶಪುರ – ಹೆತ್ತೂರು – ಬಿಸಿಲೆ – ಸುಬ್ರಹ್ಮಣ್ಯ

ಸಮುದ್ರಮಟ್ಟದಿಂದ ಸುಮಾರು 950 ಮೀ. ಎತ್ತರದಲ್ಲಿರುವ ಸಕಲೇಶಪುರದಿಂದ ಕಾಫಿ ತೋಟ ಹಾಗೂ ಗದ್ದೆಬಯಲುಗಳ ನಡುವೆ ಏರಿಳಿಯುತ್ತಾ ಸಾಗುವ ಈ ಮಾರ್ಗವು ಬಿಸಿಲೆ ಮೀಸಲು ಅರಣ್ಯವನ್ನು ಹಾದು, 200 ಮೀ.ಗಿಂತಲೂ ಕೆಳಗಿರುವ ಸುಬ್ರಹ್ಮಣ್ಯಕ್ಕೆ ಇಳಿಯುತ್ತದೆ. ಬಿಸಿಲೆಗೆ ಮೊದಲು ಸಿಗುವ ಮಂಕನಹಳ್ಳಿಯ ಬಳಿಯ ಏಣು ನೀರು ಬೇರ್ಪಡುವ ಸ್ಥಳವಾಗಿರುತ್ತದೆ. ಇಲ್ಲಿ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಯನ್ನೂ, ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರವನ್ನೂ ಸೇರುತ್ತದೆ. ಬಿಸಿಲೆಯ ವೀಕ್ಷಣಾ ಸ್ಥಳದಿಂದ 1,712 ಮೀ. ಎತ್ತರದ ಕುಮಾರಪರ್ವತದ ಸಾಲು ಎದುರಿಗೆ ಕಾಣುತ್ತದೆ.

ಘಟ್ಟ ಇಳಿದ ನಂತರ ಹಿಂದಿರುಗಲು ರೈಲು ಸೌಲಭ್ಯವಿದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣವು ದೇವಸ್ಥಾನದ ಬಳಿ ಇರದೆ, ಅಲ್ಲಿಂದ ಸುಮಾರು 12 ಕಿ.ಮೀ. ದೂರದ ನೆಟ್ಟಣದಲ್ಲಿದೆ. ಅಲ್ಲಿಂದ ಸಕಲೇಶಪುರಕ್ಕೆ 57 ಸುರಂಗಗಳನ್ನು ದಾಟಿ ರೈಲು ಏರುತ್ತದೆ. ಸೈಕಲ್ಲನ್ನು ಉಚಿತ ಸಾಮಾನಿನ ಮಿತಿಯಲ್ಲಿ ಒಯ್ಯಲು ಅವಕಾಶವಿಲ್ಲ. ಲಗೇಜ್ ಆಗಿ ಮುಂಚಿತವಾಗಿ ನೋಂದಾಯಿಸಿ, ಆ ರೈಲಿಗೆ ಹಾಗೂ ಆ ನಿಲ್ದಾಣದಲ್ಲಿ ಸೌಲಭ್ಯವಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರೈಲು ಹಳಿಯ ಮೇಲೆ ನಡೆಯುವುದು ಅಥವಾ ಸೈಕಲ್ ತಳ್ಳಿಕೊಂಡು ಹೋಗುವುದು ರೈಲ್ವೆ ಅಧಿನಿಯಮ, 1989ರ ಕಲಂ 147ರ ಅಡಿಯಲ್ಲಿ ದಂಡನಾರ್ಹ.

ಗಮನಿಸಿ: ಈ ಭಾಗವು ಕಾಡಾನೆಗಳ ಸಂಚಾರ ಪ್ರದೇಶವಾಗಿದೆ. ಪರಿಚ್ಛೇದ 6ನ್ನು ಓದದೆ ಈ ಮಾರ್ಗದಲ್ಲಿ ಸವಾರಿ ಕೈಗೊಳ್ಳಬಾರದಾಗಿ ಕೋರಲಾಗಿದೆ.

4.2 ಭಾಗಮಂಡಲ – ತಲಕಾವೇರಿ ಮತ್ತು ಭಾಗಮಂಡಲ – ಕರಿಕೆ

ಭಾಗಮಂಡಲದಿಂದ 1,276 ಮೀ. ಎತ್ತರದ ತಲಕಾವೇರಿಗೆ 8 ಕಿ.ಮೀ. ದೂರವಿದ್ದು, ಸುಮಾರು 400 ಮೀ. ಏರಬೇಕಾಗುತ್ತದೆ. ಅಂದರೆ ಪ್ರತಿ 100 ಮೀ. ದೂರಕ್ಕೆ ಸರಾಸರಿ 5 ಮೀ. ಏರು. ನಿಧಾನವಾಗಿ ಪೆಡಲ್ ತುಳಿಯಬಲ್ಲವರಿಗೆ ಇದು ಸಾಧ್ಯವಾದ ಏರು. ಭಾಗಮಂಡಲದಿಂದ ಕರಿಕೆಯ ಮೂಲಕ ಕೇರಳದ ಪಾಣತ್ತೂರಿಗೆ ಇಳಿಯುವ ರಸ್ತೆಯು ದಟ್ಟ ಕಾಡಿನ ನಡುವೆ ಸಾಗುತ್ತದೆ. ಹತ್ತಿರದಲ್ಲಿಯೇ ಇರುವ ತಲಕಾವೇರಿ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಒಂದಾಗಿದೆ.

ಅಕ್ಟೋಬರ್ ಮಧ್ಯಭಾಗದ ತುಲಾ ಸಂಕ್ರಮಣದ ತೀರ್ಥೋದ್ಭವದ ದಿನಗಳಲ್ಲಿ ಭಕ್ತಾದಿಗಳ ವಾಹನಗಳು ಅಧಿಕವಾಗಿರುವುದರಿಂದ ಆ ಅವಧಿಯಲ್ಲಿ ಸವಾರಿ ಸೂಕ್ತವಲ್ಲ. ಮಳೆಗಾಲದಲ್ಲಿಯೂ ಈ ಭಾಗವನ್ನು ಕೈಬಿಡತಕ್ಕದ್ದು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಪ್ರಾಣಹಾನಿ ಸಂಭವಿಸಿರುವುದನ್ನು ಸಾರ್ವಜನಿಕರು ನೆನಪಿನಲ್ಲಿಡಬೇಕು.

4.3 ಕಳಸ – ಕುದುರೆಮುಖ – ಎಸ್.ಕೆ. ಬಾರ್ಡರ್

ಕುದುರೆಮುಖದಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು. ಗಣಿಯನ್ನೇ ಆಶ್ರಯಿಸಿದ್ದ ಪಟ್ಟಣವು ಕ್ರಮೇಣ ಬರಿದಾಯಿತು. ಗಣಿಗಾಗಿ ಅಗಲವಾಗಿದ್ದ ರಸ್ತೆ ಇಂದು ಹುಲ್ಲುಗಾವಲು ಹಾಗೂ ಶೋಲಾ ಕಾಡುಗಳ ನಡುವಿನ ಪ್ರಶಾಂತ ಮಾರ್ಗವಾಗಿದೆ.

ಆದರೆ ಈ ಮಾರ್ಗದ ಬಹುಭಾಗವು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ. ಆದ್ದರಿಂದ ಪರಿಚ್ಛೇದ 3(ಆ)ರ ನಿಯಮ ಅನ್ವಯಿಸುತ್ತದೆ. ತನಿಖಾ ಠಾಣೆಯಲ್ಲಿ ಪ್ರವೇಶದ ವೇಳೆಯನ್ನು ನಮೂದಿಸಿದ ಚೀಟಿ ನೀಡಿದಲ್ಲಿ ಅದನ್ನು ನಿರ್ಗಮನದ ಠಾಣೆಯವರೆಗೆ ಜೋಪಾನವಾಗಿಟ್ಟುಕೊಳ್ಳಬೇಕು. ಸೈಕಲ್ಲಿಗೆ ಮೋಟಾರು ವಾಹನಕ್ಕಿಂತ ಹೆಚ್ಚು ಸಮಯ ಬೇಕಾಗುವುದರಿಂದ ಈ ವಿಷಯವನ್ನು ಪ್ರವೇಶದ ಠಾಣೆಯಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯುವುದು ಅವಶ್ಯ. ಒಪ್ಪಿಗೆ ದೊರೆಯದಿದ್ದಲ್ಲಿ ಕಳಸದ ಸುತ್ತಮುತ್ತಲಿನ ತೋಟದೂರುಗಳ ಗ್ರಾಮ ರಸ್ತೆಗಳನ್ನು ಆಯ್ದುಕೊಳ್ಳಬಹುದು. ದಾರಿಯಲ್ಲಿ ನಿಲ್ಲಲು ಇಲಾಖೆಯು ಗುರುತಿಸಿರುವ ಸ್ಥಳಗಳನ್ನು ಮಾತ್ರ ಬಳಸತಕ್ಕದ್ದು.

4.4 ತೀರ್ಥಹಳ್ಳಿ ತಾಲ್ಲೂಕಿನ ಗ್ರಾಮ ರಸ್ತೆಗಳು

ಮೊದಲ ಬಾರಿಗೆ ಮಲೆನಾಡಿನಲ್ಲಿ ಸೈಕಲ್ ತುಳಿಯುವವರಿಗೆ ದೊಡ್ಡ ಘಟ್ಟಗಳಿಗಿಂತ ಅಡಿಕೆ ತೋಟಗಳ ನಡುವಿನ ಗ್ರಾಮ ರಸ್ತೆಗಳು ಹೆಚ್ಚು ಸೂಕ್ತ. ಕುವೆಂಪು ಅವರ ಕವಿಮನೆ ಹಾಗೂ ಕವಿಶೈಲ ಇರುವ ಕುಪ್ಪಳಿ, ಗುಡ್ಡೇಕೇರಿ ಸಮೀಪದ ಜೈನ ಬಸದಿಯಿರುವ ಕುಂದಾದ್ರಿ ಬೆಟ್ಟ, ಇವುಗಳ ಸುತ್ತಲಿನ ಒಳರಸ್ತೆಗಳಲ್ಲಿ ಅನುಮತಿಯ ಅಗತ್ಯವಿಲ್ಲದೆ ಅರ್ಧ ದಿನದ ಸವಾರಿಯನ್ನು ಯೋಜಿಸಿಕೊಳ್ಳಬಹುದು. ಕುಂದಾದ್ರಿಯ ನೆತ್ತಿಯವರೆಗೂ ರಸ್ತೆಯಿದ್ದರೂ ಕೊನೆಯ ಏರು ಕಡಿದಾಗಿದ್ದು, ಇಳಿಯುವಾಗ ವಿಶೇಷ ಎಚ್ಚರಿಕೆ ಅಗತ್ಯ.

ಹತ್ತಿರದ ಆಗುಂಬೆ ಘಟ್ಟವು 14 ಹೇರ್‌ಪಿನ್ ತಿರುವುಗಳಿಗೆ ಹೆಸರಾಗಿದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿ 169ಎ ಆಗಿದ್ದು, ಬಸ್ಸು ಹಾಗೂ ಪ್ರವಾಸಿ ವಾಹನಗಳ ಸಂಚಾರ ಹೆಚ್ಚು. ತಿರುವುಗಳು ಅತಿ ಕಿರಿದು. ಪ್ರಶಾಂತ ರಸ್ತೆಯನ್ನು ಅರಸುವವರಿಗೆ ಇದು ಸೂಕ್ತ ಆಯ್ಕೆಯಲ್ಲ.

5. ಸೂಕ್ತ ಕಾಲ

ಜೂನ್–ಸೆಪ್ಟೆಂಬರ್: ಧರೆ ಕುಸಿತ, ಮರ ಬೀಳುವಿಕೆ, ಸೇತುವೆ ಮುಳುಗಡೆ ಸಾಮಾನ್ಯ. 2018ರಲ್ಲಿ ಕೊಡಗು, 2019ರಲ್ಲಿ ಚಾರ್ಮಾಡಿ ಘಟ್ಟ ಹಾಗೂ 2024ರಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸಂಭವಿಸಿದ ಕುಸಿತಗಳು ಈ ಅವಧಿಯ ಅಪಾಯವನ್ನು ತೋರಿಸಿಕೊಟ್ಟಿವೆ. ಘಟ್ಟ ರಸ್ತೆಗಳಲ್ಲಿ ಸವಾರಿ ಸೂಕ್ತವಲ್ಲ.

ಅಕ್ಟೋಬರ್–ನವೆಂಬರ್: ಮಳೆ ಇಳಿಮುಖವಾಗಿ ಹಸಿರು ಉಳಿದಿರುವ ಕಾಲ. ಆದರೆ ನೆರಳಿನ ತಿರುವುಗಳಲ್ಲಿ ಪಾಚಿ ಇನ್ನೂ ಒಣಗಿರುವುದಿಲ್ಲ. ಭತ್ತದ ತೆನೆ ಕಟ್ಟುವ ಕಾಲವಾದ್ದರಿಂದ ಆನೆಗಳು ಗದ್ದೆಬಯಲಿಗೆ ಬರುವುದುಂಟು.

ಡಿಸೆಂಬರ್–ಫೆಬ್ರವರಿ: ಅತ್ಯಂತ ಸೂಕ್ತ ಅವಧಿ. ಬೆಳಗಿನ ಮಂಜು ಕರಗಿದ ನಂತರ ಹೊರಡುವುದು ಒಳ್ಳೆಯದು. ಕಾಫಿ ಕೊಯ್ಲಿನ ಸಮಯವಾದ್ದರಿಂದ ಕೆಲಸಗಾರರನ್ನು ಕರೆದೊಯ್ಯುವ ಜೀಪುಗಳು ಬೆಳಿಗ್ಗೆ ಹಾಗೂ ಸಂಜೆ ತೋಟದ ರಸ್ತೆಗಳಲ್ಲಿ ವೇಗವಾಗಿ ಬರುತ್ತವೆ.

ಮಾರ್ಚ್–ಮೇ: ಹೂಮಳೆ ಬಿದ್ದ ಬಳಿಕ ಕಾಫಿ ಹೂವು ಅರಳುವ ಕಾಲ. ಜೊತೆಗೆ ಕಾಳ್ಗಿಚ್ಚಿನ ಕಾಲವೂ ಹೌದು. ಬೀಡಿ, ಸಿಗರೇಟು, ಬೆಂಕಿಪೊಟ್ಟಣಗಳನ್ನು ಒಯ್ಯಬಾರದು. ಬೆಂಕಿಯ ಅಪಾಯ ಹೆಚ್ಚಿದಾಗ ಅರಣ್ಯ ಇಲಾಖೆಯು ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು.

ರಜಾ ದಿನಗಳು: ವಾರಾಂತ್ಯ ಹಾಗೂ ಸಾಲು ರಜೆಗಳಲ್ಲಿ ಪ್ರಶಾಂತ ರಸ್ತೆಗಳೂ ಪ್ರಶಾಂತವಾಗಿ ಉಳಿಯುವುದಿಲ್ಲ. ಸಾಧ್ಯವಾದಲ್ಲಿ ವಾರದ ನಡುವಿನ ದಿನಗಳನ್ನು ಆಯ್ದುಕೊಳ್ಳಲು ಸಲಹೆ ನೀಡಲಾಗಿದೆ.

6. ಕಾಡಾನೆಗಳ ಬಗ್ಗೆ ವಿಶೇಷ ಎಚ್ಚರಿಕೆ

2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆಗಳಿವೆಯೆಂದು ಅಂದಾಜಿಸಲಾಗಿತ್ತು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳು ಹಾಗೂ ಕೊಡಗಿನಲ್ಲಿ ಆನೆಗಳು ಕಾಡಿನಲ್ಲಿ ಮಾತ್ರವಲ್ಲದೆ ಕಾಫಿ ತೋಟಗಳಲ್ಲಿಯೂ ಸಂಚರಿಸುತ್ತವೆ. ಮೈಸೂರು ದಸರಾದ ಅಂಬಾರಿಯನ್ನು ಹೊತ್ತಿದ್ದ ಅರ್ಜುನ ಎಂಬ ಆನೆಯು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಂದಿಗೆ ನಡೆದ ಕಾದಾಟದಲ್ಲಿ ಮೃತಪಟ್ಟಿತು. ಪಳಗಿದ ಮಾವುತರು, ತರಬೇತಿ ಪಡೆದ ಸಿಬ್ಬಂದಿ ಜೊತೆಗಿದ್ದಾಗಲೇ ಇಂತಹ ಘಟನೆ ನಡೆದಿದೆ. ಸೈಕಲ್ ಸವಾರರ ಬಳಿ ಯಾವ ರಕ್ಷಣೆಯೂ ಇರುವುದಿಲ್ಲ.

ಸೈಕಲ್ಲಿಗೆ ಸದ್ದಿಲ್ಲ. ಮೋಟಾರು ವಾಹನದ ಸದ್ದು ಕೇಳಿ ದೂರದಿಂದಲೇ ಎಚ್ಚೆತ್ತುಕೊಳ್ಳುವ ಆನೆಗೆ ಸೈಕಲ್ ಬರುವುದು ತಿಳಿಯುವುದಿಲ್ಲ. ತಿರುವಿನಲ್ಲಿ ಹಠಾತ್ತನೆ ಎದುರಾದಾಗ ಬೆದರಿದ ಆನೆ ಮೈಮೇಲೆ ಬರುವ ಸಂಭವ ಅಧಿಕ. ಸವಾರರು ಮೆಚ್ಚುವ ನಿಶ್ಶಬ್ದವೇ ಇಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಆದ್ದರಿಂದ ಈ ಕೆಳಕಂಡ ಸೂಚನೆಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು.

• ಚೆನ್ನಾಗಿ ಬೆಳಕಾದ ನಂತರವೇ ಹೊರಟು, ಸೂರ್ಯಾಸ್ತಕ್ಕೆ ಸಾಕಷ್ಟು ಮುನ್ನವೇ ಊರು ಸೇರಬೇಕು.
• ಒಬ್ಬಂಟಿಯಾಗಿ ಹೋಗಬಾರದು. ಕಾಣದ ತಿರುವುಗಳಲ್ಲಿ ಬೆಲ್ ಬಾರಿಸುತ್ತಾ ಅಥವಾ ಪರಸ್ಪರ ಮಾತನಾಡುತ್ತಾ ಸಾಗಬೇಕು.
• ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬಾರದು. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಮುರಿದ ಬೈನೆ ಅಥವಾ ಬಾಳೆ ಗಿಡ ಇವು ಆನೆ ಹತ್ತಿರದಲ್ಲಿರುವುದರ ಸೂಚನೆಗಳು.
• ದಾರಿಯ ಅಂಗಡಿ, ಲೈನ್ ಮನೆ, ಬಸ್ ತಂಗುದಾಣಗಳಲ್ಲಿ "ಆನೆ ಎಲ್ಲಿದೆ" ಎಂದು ವಿಚಾರಿಸಬೇಕು. ಸ್ಥಳೀಯರು ಹೋಗಬೇಡಿ ಎಂದಲ್ಲಿ ಹೋಗಬಾರದು.
• ಆನೆ ಕಂಡಲ್ಲಿ ಕಂಡಷ್ಟು ದೂರದಲ್ಲಿಯೇ ನಿಂತು, ಸದ್ದು ಮಾಡದೆ ಹಿಂದಿರುಗಬೇಕು. ಅದು ರಸ್ತೆ ದಾಟಿದ ಕೂಡಲೇ ಮುನ್ನುಗ್ಗಬಾರದು. ಹಿಂದೆ ಮರಿಯೊಡನೆ ಇತರ ಆನೆಗಳಿರಬಹುದು. ಒಂಟಿ ಸಲಗ ಇನ್ನೂ ಅಪಾಯಕಾರಿ.
• ಛಾಯಾಚಿತ್ರ ತೆಗೆಯಲು ಪ್ರಯತ್ನಿಸಬಾರದು. ಕಲ್ಲು ಎಸೆಯುವುದು, ಕೂಗುವುದು ಸಲ್ಲದು.
• ಅನಿವಾರ್ಯ ಸಂದರ್ಭದಲ್ಲಿ ಸೈಕಲ್ ಹಾಗೂ ಚೀಲವನ್ನು ಬಿಟ್ಟು ಸುರಕ್ಷಿತ ಕಟ್ಟಡದತ್ತ ಸರಿಯಬೇಕು. ಸೈಕಲ್ಲಿಗಿಂತ ಜೀವ ದೊಡ್ಡದು.

7. ಸೈಕಲ್ ಸಿದ್ಧತೆ ಹಾಗೂ ಘಟ್ಟದಲ್ಲಿ ಸವಾರಿ

ಘಟ್ಟ ಏರುವಾಗ ಬೇಕಾಗುವುದು ತಾಳ್ಮೆ, ಇಳಿಯುವಾಗ ಬೇಕಾಗುವುದು ಬ್ರೇಕು. ಹೊರಡುವ ಮುನ್ನ ಬ್ರೇಕ್ ರಬ್ಬರು, ಬ್ರೇಕ್ ತಂತಿ, ಟಯರು ಹಾಗೂ ಸರಪಳಿಯನ್ನು ಪರಿಶೀಲಿಸಬೇಕು. ಒಂದೇ ಸಮನೆ ಬ್ರೇಕ್ ಹಿಡಿದಲ್ಲಿ ಚಕ್ರದ ರಿಮ್ಮು ಅಥವಾ ಡಿಸ್ಕ್ ಕಾದು ಹಿಡಿತ ತಪ್ಪಬಹುದು. ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು, ತಿರುವಿನ ಮಧ್ಯದಲ್ಲಿ ಬ್ರೇಕ್ ಹಾಕದಿರುವುದು ಸರಿಯಾದ ಕ್ರಮ. ಒದ್ದೆ ತರಗೆಲೆ, ಪಾಚಿ ಹಾಗೂ ತಿರುವಿನಲ್ಲಿ ಶೇಖರವಾದ ಜಲ್ಲಿಪುಡಿಯ ಮೇಲೆ ಚಕ್ರ ಜಾರುತ್ತದೆ.

ಬೆಟ್ಟದ ಕಿರಿದಾದ ರಸ್ತೆಗಳಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕು. ಇಳಿಯುತ್ತಿರುವ ಸೈಕಲ್ ಸವಾರರೂ ಇದನ್ನು ಪಾಲಿಸತಕ್ಕದ್ದು. ಇಬ್ಬರು ಅಕ್ಕಪಕ್ಕದಲ್ಲಿ ಸಾಗದೆ, ಒಬ್ಬರ ಹಿಂದೆ ಒಬ್ಬರಂತೆ ಎಡಬದಿಯಲ್ಲಿ ಸಾಗಬೇಕು. ಹೆಲ್ಮೆಟ್, ಮುಂದಿನ ಹಾಗೂ ಹಿಂದಿನ ದೀಪ, ಪ್ರತಿಫಲಕ, ಬದಲಿ ಟ್ಯೂಬು, ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಾಗೂ ಕನಿಷ್ಠ 2 ಲೀಟರ್ ಕುಡಿಯುವ ನೀರು ಜೊತೆಯಲ್ಲಿರಬೇಕು. ಘಟ್ಟಗಳ ಅನೇಕ ಭಾಗಗಳಲ್ಲಿ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಮಾರ್ಗ ಹಾಗೂ ತಲುಪುವ ವೇಳೆಯನ್ನು ಮನೆಯವರಿಗೆ ಬರೆದು ಕೊಡುವುದು ಸೂಕ್ತ.

8. ಆರೋಗ್ಯ ಸಂಬಂಧಿ ಸೂಚನೆಗಳು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಸೈಕಲ್ ಸವಾರಿಗೆ ಅನುಕೂಲವಾದ ತಿಂಗಳುಗಳಲ್ಲಿಯೇ, ಇದರ ಪ್ರಕರಣಗಳು ಕಂಡುಬರುತ್ತವೆ. ಡಾಂಬರು ರಸ್ತೆಯ ಮೇಲೆಯೇ ಸಾಗುವವರಿಗೆ ಅಪಾಯ ಕಡಿಮೆ. ತರಗೆಲೆಯ ಮೇಲೆ ಕೂರುವುದು, ಕಾಡಿನ ಅಂಚಿನಲ್ಲಿ ಮಲಗುವುದು ಬೇಡ. ಮಂಗ ಸತ್ತು ಬಿದ್ದಿರುವುದು ಕಂಡಲ್ಲಿ ಹತ್ತಿರ ಹೋಗದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸವಾರಿಯ ನಂತರದ ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡಲ್ಲಿ ಮಲೆನಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಇಂಬಳದ ಕಡಿತ ಅಪಾಯಕಾರಿಯಲ್ಲ. ಹಾವು ಕಡಿದಲ್ಲಿ ನಾಟಿ ಉಪಚಾರಕ್ಕೆ ಕಾಲ ಕಳೆಯದೆ, ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಕೊಂಡೊಯ್ಯಬೇಕು.

9. ಅರ್ಜಿ ಸಲ್ಲಿಸುವ ವಿಧಾನ

ಪರಿಚ್ಛೇದ 3ರ (ಇ) ಮತ್ತು (ಊ) ಪ್ರಕರಣಗಳಲ್ಲಿ ಈ ಕೆಳಕಂಡಂತೆ ಕ್ರಮ ಕೈಗೊಳ್ಳುವುದು.

ಹಂತ 1: ಮಾರ್ಗವು ಯಾವ ಅರಣ್ಯ ವಲಯದ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು. ಒಂದೇ ಮಾರ್ಗ ಎರಡು ವಲಯಗಳಿಗೆ ಸೇರಿರಬಹುದು.

ಹಂತ 2: ನಿಗದಿತ ನಮೂನೆ ಇದ್ದಲ್ಲಿ ಅದರಲ್ಲಿ, ಇಲ್ಲದಿದ್ದಲ್ಲಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಮೀಸಲು ಅರಣ್ಯವಾದಲ್ಲಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಸಂರಕ್ಷಿತ ಪ್ರದೇಶವಾದಲ್ಲಿ ಸಂಬಂಧಪಟ್ಟ ವನ್ಯಜೀವಿ ವಿಭಾಗದ ಮುಖಾಂತರ ಸಲ್ಲಿಸುವುದು.

ಹಂತ 3: ಸಂಘಟಿತ ಕಾರ್ಯಕ್ರಮವಾದಲ್ಲಿ ಪೊಲೀಸ್ ಇಲಾಖೆಗೂ ಪ್ರತ್ಯೇಕ ಅರ್ಜಿ ಸಲ್ಲಿಸುವುದು.

ಹಂತ 4: ಅರ್ಜಿಗೆ ಸ್ವೀಕೃತಿ ಹಾಗೂ ಪಾವತಿಸಿದ ಶುಲ್ಕಕ್ಕೆ ರಸೀದಿ ಪಡೆದು, ಸವಾರಿಯ ದಿನ ಅನುಮತಿ ಪತ್ರದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ಮಾದರಿ ಅರ್ಜಿ

ಇವರಿಗೆ,
ಉಪ ಅರಣ್ಯ ಸಂರಕ್ಷಣಾಧಿಕಾರಿಗಳು,
............ ವಿಭಾಗ, ............

ಮಾನ್ಯರೇ,
ವಿಷಯ: ............ ರಸ್ತೆಯಲ್ಲಿ ಸೈಕಲ್ ಸವಾರಿಗೆ ಅನುಮತಿ ಕೋರಿ.

ನಾವು ............ ಜನರು ದಿನಾಂಕ ............ ರಂದು ಬೆಳಿಗ್ಗೆ ............ ಗಂಟೆಯಿಂದ ............ ಗಂಟೆಯವರೆಗೆ ............ ಇಂದ ............ ವರೆಗೆ ಸೈಕಲ್‌ನಲ್ಲಿ ಸಂಚರಿಸಲು ಇಚ್ಛಿಸಿರುತ್ತೇವೆ. ಸವಾರರ ಹೆಸರು, ವಯಸ್ಸು, ವಿಳಾಸ ಹಾಗೂ ದೂರವಾಣಿ ಸಂಖ್ಯೆಗಳ ಪಟ್ಟಿ, ಗುರುತಿನ ಚೀಟಿಯ ಪ್ರತಿ ಮತ್ತು ಮಾರ್ಗದ ನಕ್ಷೆಯನ್ನು ಲಗತ್ತಿಸಲಾಗಿದೆ. ಅರಣ್ಯ ಹಾಗೂ ವನ್ಯಜೀವಿ ಕಾನೂನುಗಳನ್ನು ಮತ್ತು ತಮ್ಮ ಸಿಬ್ಬಂದಿಯ ಸೂಚನೆಗಳನ್ನು ಪಾಲಿಸುತ್ತೇವೆ. ಅನುಮತಿ ನೀಡಬೇಕಾಗಿ ಕೋರುತ್ತೇವೆ.

ಸ್ಥಳ: ............ ದಿನಾಂಕ: ............ ತಂಡದ ಮುಖ್ಯಸ್ಥರ ಸಹಿ: ............

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೈಕಲ್ಲಿಗೆ ನೋಂದಣಿ ಅಥವಾ ಚಾಲನಾ ಪರವಾನಗಿ ಬೇಕೇ?
ಉತ್ತರ: ಬೇಕಿಲ್ಲ. ಬ್ಯಾಟರಿ ಚಾಲಿತ ಸೈಕಲ್ಲಿನ ಮೋಟಾರಿನ ಶಕ್ತಿ 250 ವಾಟ್‌ಗಿಂತಲೂ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ನಿಯಮದ ಇತರ ಷರತ್ತುಗಳನ್ನು ಪೂರೈಸಿದಲ್ಲಿ ಅದನ್ನೂ ಮೋಟಾರು ವಾಹನವೆಂದು ಪರಿಗಣಿಸಲಾಗುವುದಿಲ್ಲ.

ಪ್ರಶ್ನೆ: ಚಾರಣಕ್ಕೆ ಪಡೆದ ಅನುಮತಿಯಲ್ಲಿ ಸೈಕಲ್ ಒಯ್ಯಬಹುದೇ?
ಉತ್ತರ: ಇಲ್ಲ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಅಂತರ್ಜಾಲ ತಾಣದ ಮೂಲಕ ಪಡೆಯುವ ಚಾರಣದ ಟಿಕೆಟ್ ಕಾಲ್ನಡಿಗೆಗೆ ಮಾತ್ರ ಸೀಮಿತ.

ಪ್ರಶ್ನೆ: ರಸ್ತೆಬದಿಯ ಕಾಡಿನಲ್ಲಿ ಡೇರೆ ಹಾಕಿ ರಾತ್ರಿ ತಂಗಬಹುದೇ?
ಉತ್ತರ: ಅನುಮತಿ ಇಲ್ಲದೆ ತಂಗುವುದು ಅಪರಾಧ. ಊರಿನ ವಸತಿಗೃಹ ಅಥವಾ ನೋಂದಾಯಿತ ಹೋಂಸ್ಟೇಗಳಲ್ಲಿ ತಂಗಬೇಕು.

ಪ್ರಶ್ನೆ: ಅನುಮತಿ ಪತ್ರವಿದ್ದರೂ ತನಿಖಾ ಠಾಣೆಯಲ್ಲಿ ತಡೆದಲ್ಲಿ ಏನು ಮಾಡಬೇಕು?
ಉತ್ತರ: ಆನೆಗಳ ಸಂಚಾರ, ಕಾಳ್ಗಿಚ್ಚು, ಧರೆ ಕುಸಿತ ಮುಂತಾದ ಆ ದಿನದ ಕಾರಣಗಳಿಂದ ಸಿಬ್ಬಂದಿ ಪ್ರವೇಶ ನಿರಾಕರಿಸಬಹುದು. ವಾದಿಸದೆ ಹಿಂದಿರುಗಿ, ಬದಲಿ ದಿನಾಂಕಕ್ಕಾಗಿ ಅನುಮತಿ ನೀಡಿದ ಕಚೇರಿಯನ್ನು ಸಂಪರ್ಕಿಸುವುದು.

ಪ್ರಶ್ನೆ: ಮಂಗಗಳಿಗೆ ಆಹಾರ ನೀಡಬಹುದೇ?
ಉತ್ತರ: ಕೂಡದು. ಆಹಾರಕ್ಕಾಗಿ ರಸ್ತೆಗೆ ಬರುವ ಪ್ರಾಣಿಗಳು ವಾಹನಕ್ಕೆ ಸಿಲುಕಿ ಸಾಯುತ್ತವೆ. ತಂದ ಪ್ಲಾಸ್ಟಿಕ್ ವಸ್ತುಗಳನ್ನೆಲ್ಲ ಹಿಂದಕ್ಕೆ ಒಯ್ಯಬೇಕು.

11. ತುರ್ತು ಸಂಪರ್ಕ

ಪೊಲೀಸ್ ಹಾಗೂ ಎಲ್ಲ ತುರ್ತು ಸೇವೆಗಳು: 112
ಆಂಬ್ಯುಲೆನ್ಸ್: 108
ಅರಣ್ಯ ಸಹಾಯವಾಣಿ: 1926
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077

ಕರೆ ಮಾಡುವಾಗ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹಾಗೂ ಹಿಂದೆ ಬಿಟ್ಟ ಊರಿನ ಹೆಸರನ್ನು ತಿಳಿಸಿದಲ್ಲಿ ನೆರವು ಬೇಗನೆ ತಲುಪುತ್ತದೆ.

ಈ ರಸ್ತೆಗಳು ಪ್ರವಾಸಿಗರಿಗಾಗಿ ನಿರ್ಮಿಸಿದವುಗಳಲ್ಲ. ಶಾಲೆಗೆ ನಡೆದುಹೋಗುವ ಮಕ್ಕಳು, ತೋಟಕ್ಕೆ ಹೋಗುವ ಕಾರ್ಮಿಕರು ಹಾಗೂ ರಸ್ತೆ ದಾಟುವ ವನ್ಯಪ್ರಾಣಿಗಳು ಪ್ರತಿದಿನ ಬಳಸುವ ದಾರಿಗಳಿವು. ಅವರ ನೆಮ್ಮದಿಗೆ ಭಂಗ ಬಾರದಂತೆ ಸಾಗುವ ಸವಾರರಿಗೆ ಈ ದಾರಿಗಳು ಮುಂದೆಯೂ ಮುಕ್ತವಾಗಿರುತ್ತವೆ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.